ಮಾಲ್ ಥಿಯೇಟರ್ ಹೋಳಾಗಿದ್ದು ಯಾಕೆ, ಮುಚ್ಚಿದ್ದು ಯಾಕೆ?

ಪ್ರಶ್ನೆ: ಅಮೆರಿಕದಲ್ಲಿ ಊರ ಹೊರವಲಯದ ಹಳೇ ಮಾಲ್‌ಗಳಲ್ಲಿ ಮೊದಲು ಒಂದೇ ದೊಡ್ಡ ಪರದೆಯ ಥಿಯೇಟರ್ ಇತ್ತಂತೆ. ಆಮೇಲೆ ಅದನ್ನೇ ಎರಡು, ನಾಲ್ಕು ಮಾಡಿ, ಕೊನೆಗೆ ಮುಚ್ಚಿಬಿಟ್ಟರಂತೆ. ಜನ ಥಿಯೇಟರಿಗೆ ಹೋಗೋದನ್ನೇ ಬಿಟ್ಟಿದ್ದರಾ?

ಉತ್ತರ: ಇಲ್ಲ. ಇಂಥ ಎಷ್ಟೋ ಥಿಯೇಟರ್‌ಗಳು ಮುಚ್ಚಿದ ಕಾಲದಲ್ಲೇ ಟಿಕೆಟ್ ಮಾರಾಟ ಏರುತ್ತಿತ್ತು. 2002ರಲ್ಲಿ ಅಮೆರಿಕ, ಕೆನಡಾ ಸೇರಿ 150 ಕೋಟಿಗೂ ಜಾಸ್ತಿ ಟಿಕೆಟ್ ಹೋಗಿದ್ದವು. ನನ್ನ ಪ್ರಕಾರ ಕಾರಣವನ್ನು ಪ್ರೇಕ್ಷಕರಲ್ಲಿ ಹುಡುಕಬಾರದು, ಕಟ್ಟಡದಲ್ಲಿ ಹುಡುಕಬೇಕು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಲಕ್ಷಾಂತರ ಸಂಸಾರಗಳು ನಗರ ಬಿಟ್ಟು ಹೊರವಲಯದ ಹೊಸ ಬಡಾವಣೆಗಳಿಗೆ ಹೋದವು. ದೊಡ್ಡ ಥಿಯೇಟರ್‌ಗಳು ಮಾತ್ರ ನಗರದ ನಡುವೆಯೇ ಉಳಿದವು. ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್‌ನಲ್ಲಿ 1951ರಲ್ಲಿ ಶುರುವಾದ ಶಾಪರ್ಸ್ ವರ್ಲ್ಡ್‌ನಲ್ಲಿ ಅಂಗಡಿಗಳ ಜೊತೆ ಥಿಯೇಟರ್ ಕೂಡ ಬಂತು. ಅಂಗಡಿ ಮುಚ್ಚಿದ ಮೇಲೆ ಪಾರ್ಕಿಂಗ್ ಜಾಗ ಸುಮ್ನೆ ಖಾಲಿ ಬಿದ್ದಿರುತ್ತದೆ, ಸಿನಿಮಾಕ್ಕೆ ಜನ ಬರುವುದೂ ಅದೇ ಹೊತ್ತಿಗೆ. ಇಬ್ಬರಿಗೂ ಲಾಭ, ಅಲ್ವಾ?

ಹಾಲ್ ಹೋಳಾದ ಕಥೆ ತಿಳಿಯಬೇಕಾದರೆ ಪ್ರೊಜೆಕ್ಟರ್ ಕೋಣೆಗೆ ಹೋಗಬೇಕು. ಮೊದಲೆಲ್ಲ ಒಂದು ರೀಲು ಸುಮಾರು 20 ನಿಮಿಷ ಓಡುತ್ತಿತ್ತು. ಎರಡು ಪ್ರೊಜೆಕ್ಟರ್ ಇಟ್ಟುಕೊಂಡು, ಒಂದರ ರೀಲು ಮುಗಿಯುವ ಕ್ಷಣಕ್ಕೆ ಸರಿಯಾಗಿ ಇನ್ನೊಂದನ್ನು ಶುರು ಮಾಡಬೇಕಿತ್ತು. ಬೆಳಕಿಗೆ ಉರಿಯುವ ಕಾರ್ಬನ್ ಕಡ್ಡಿಗಳನ್ನೂ ನೋಡಿಕೊಳ್ಳಬೇಕು. ಆಪರೇಟರ್ ಆ ಕಡೆ ಈ ಕಡೆ ಅಲ್ಲಾಡುವ ಹಾಗಿರಲಿಲ್ಲ. ಆಮೇಲೆ ಹಾಗೆ ಕಾಯುತ್ತ ಕೂರಬೇಕಿಲ್ಲದ ಕ್ಸೆನಾನ್ ದೀಪ ಬಂತು. ಎಲ್ಲ ರೀಲುಗಳನ್ನು ಅಂಟಿಸಿ ಇಡೀ ಸಿನಿಮಾವನ್ನು ಒಂದೇ ದೊಡ್ಡ ತಟ್ಟೆಯ ಮೇಲೆ ಸುತ್ತಿಡುವ ಪ್ಲ್ಯಾಟರ್ ಬಂತು. ಒಬ್ಬನೇ ಆಪರೇಟರ್ ನಾಲ್ಕಾರು ಪರದೆ ನೋಡಿಕೊಳ್ಳಬಹುದಾಯಿತು.

1963ರಲ್ಲಿ ಥಿಯೇಟರ್ ಮಾಲೀಕ ಸ್ಟ್ಯಾನ್ ಡರ್ವುಡ್ ಕ್ಯಾನ್ಸಸ್ ಸಿಟಿಯ ವಾರ್ಡ್ ಪಾರ್ಕ್‌ವೇ ಶಾಪಿಂಗ್ ಸೆಂಟರಿನಲ್ಲಿ ಎರಡು ಪರದೆಯ ಥಿಯೇಟರ್ ತೆರೆದರು. ಸಿನಿಮಾ ಎರಡು, ಪಾಪ್‌ಕಾರ್ನ್ ಕೌಂಟರ್ ಮಾತ್ರ ಒಂದೇ. ದೊಡ್ಡ ಸಿನಿಮಾಗಳ ಮೊದಲ ವಾರಗಳಲ್ಲಿ ಟಿಕೆಟ್ ದುಡ್ಡಿನ ದೊಡ್ಡ ಪಾಲು ವಿತರಕರಿಗೆ ಹೋಗುತ್ತದೆ. ಪಾಪ್‌ಕಾರ್ನ್ ದುಡ್ಡು ಥಿಯೇಟರಿನಲ್ಲೇ ಉಳಿಯುತ್ತದೆ. ಈ ಲೆಕ್ಕ ಕಂಡ ಮೇಲೆ ಒಂದೇ ಪರದೆ ಇಟ್ಟುಕೊಂಡವರು ಹಾಲ್ ನಡುವೆ ಗೋಡೆ ಎಬ್ಬಿಸಿದರು. ಎಷ್ಟೋ ಕಡೆ ಸೀಟುಗಳನ್ನು ತಿರುಗಿಸಲೇ ಇಲ್ಲ. ಅವು ಹಳೇ ಪರದೆ ಇದ್ದ ಕಡೆಗೇ ಮುಖ ಮಾಡಿದ್ದವು. ಕತ್ತು ತಿರುಗಿಸಿಕೊಂಡೇ ಸಿನಿಮಾ ನೋಡಬೇಕು. ಇತ್ತ ಮೆಲುದನಿಯ ಮಾತು ನಡೆಯುತ್ತಿದ್ದರೆ ಗೋಡೆಯಾಚೆಯಿಂದ ಗುಂಡಿನ ಸದ್ದು. ದುಡ್ಡಿನ ಲೆಕ್ಕ ಸರಿಯಿತ್ತು, ಆದರೆ ನೋಡುಗರಿಗೆ ಮಾಡಿದ್ದು ಅನ್ಯಾಯವೇ.

ನಿಜವಾದ ಪೆಟ್ಟು ಬಿದ್ದಿದ್ದು 1995ರಲ್ಲಿ. ಡಲ್ಲಾಸ್‌ನಲ್ಲಿ ಇದೇ ಡರ್ವುಡ್ ಅವರ ಎಎಂಸಿ ಕಂಪನಿ ಗ್ರ್ಯಾಂಡ್ ಎಂಬ 24 ಪರದೆಯ ಥಿಯೇಟರ್ ತೆರೆಯಿತು. ಅಲ್ಲಿ ಕ್ರಿಕೆಟ್ ಸ್ಟೇಡಿಯಂ ಥರ ಮೆಟ್ಟಿಲು ಮೆಟ್ಟಿಲಾಗಿ ಸೀಟು. ಮುಂದೆ ಕೂತವರ ತಲೆ ಅಡ್ಡ ಬರುವುದಿಲ್ಲ. ಒಮ್ಮೆ ಹಾಗೆ ಕೂತವರಿಗೆ ಹಳೇ ಹಾಲ್ ಹಿಡಿಸಲಿಲ್ಲ. ಮೆಟ್ಟಿಲು ಸೀಟಿಗೆ ಎತ್ತರ ಬೇಕು. ಮಾಲ್ ಥಿಯೇಟರ್ ಮೇಲಿರುವುದು ಅಂಗಡಿಗಳಿಗೆಂದು ಹಾಕಿದ ತಗ್ಗು ಸೂರು. ಅದನ್ನು ಎತ್ತರಿಸುವುದಕ್ಕಿಂತ ಪಾರ್ಕಿಂಗ್ ಜಾಗದ ಅಂಚಿನಲ್ಲೋ ಹೆದ್ದಾರಿ ಪಕ್ಕದಲ್ಲೋ ಹೊಸದು ಕಟ್ಟುವುದೇ ಸುಲಭ. ಹಾಗೇ ಕಟ್ಟಿದರು. ಹಳೇ ಹಾಲ್‌ಗಳಲ್ಲಿ ಕೆಲವು, ಬಿಡುಗಡೆಯಾಗಿ ತಿಂಗಳುಗಳು ಕಳೆದ ಸಿನಿಮಾಗಳನ್ನು ಡಾಲರ್, ಎರಡು ಡಾಲರಿಗೆ ತೋರಿಸುತ್ತ ಉಳಿದವು. ಇತ್ತ ಹೊಸದರ ಸಾಲ, ಅತ್ತ ಹಳೇದರ ಬಹುಕಾಲದ ಬಾಡಿಗೆ ಕರಾರು. ಎರಡರ ನಡುವೆ ಸಿಕ್ಕಿ ದೊಡ್ಡ ದೊಡ್ಡ ಕಂಪನಿಗಳೇ ನೆಲಕಚ್ಚಿದವು. ಫ್ರೇಮಿಂಗ್‌ಹ್ಯಾಮ್‌ನ ಆ ಥಿಯೇಟರ್ ನಡೆಸಿದ್ದ ಜನರಲ್ ಸಿನಿಮಾ 2000ದಲ್ಲಿ ದಿವಾಳಿ ಅರ್ಜಿ ಹಾಕಿತು. 2002ರಲ್ಲಿ ಅದನ್ನು ಎಎಂಸಿಯೇ ಕೊಂಡಿತು.

ಈಗ ಕೆಲವು ಮಾಲ್‌ಗಳಿಗೆ ಸಿನಿಮಾ ವಾಪಸ್ ಬಂದಿದೆ. ಆದರೆ ಹಳೇ ಹಾಲ್‌ಗಲ್ಲ, ಮುಚ್ಚಿಹೋದ ಡಿಪಾರ್ಟ್‌ಮೆಂಟ್ ಸ್ಟೋರ್ ಇದ್ದ ಜಾಗಕ್ಕೆ. ಅದನ್ನು ಕೆಡವಿದರೆ ಬೇಕಾದಷ್ಟು ಎತ್ತರ ಸಿಗುತ್ತದೆ.

ಹಳೇ ಹಾಲ್‌ಗಳನ್ನು ಅಂಗಡಿ ಮಾಡುವುದೂ ಸುಲಭವಲ್ಲ. ಇಳಿಜಾರು ನೆಲವನ್ನು ತುಂಬಿಸಿ, ಕಾಂಕ್ರೀಟ್ ಹಾಕಿ ಸಮ ಮಾಡಬೇಕು. ಆ ಇಳಿಜಾರು, ಆ ಸಾಲು ಸೀಟು ಹಾಗೆಯೇ ಅನುಕೂಲವಾಗಿದ್ದು ಚರ್ಚ್‌ಗಳಿಗೆ. ಕೆಲವು ಹಳೇ ಥಿಯೇಟರ್‌ಗಳಲ್ಲಿ ಈಗ ಭಾನುವಾರ ಬೆಳಿಗ್ಗೆ ಪ್ರಾರ್ಥನೆ ನಡೆಯುತ್ತದೆ.