ಚಿಕ್ಕ ಬಾಲ್ಕನಿಗೆ ಯಾವ ಟೊಮೆಟೊ? ಪೊಟ್ಟಣದ ಮೇಲಿನ 'ಡ್ವಾರ್ಫ್' ನೋಡಿ ಕೊಂಡರೆ ಸಾಕೇ?

ಓದುಗರ ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಮನೆ. ಬಾಲ್ಕನಿ 4 ಅಡಿ ಅಗಲ, 9 ಅಡಿ ಉದ್ದ. ನರ್ಸರಿಯಿಂದ ತಂದ ಟೊಮೆಟೊ ಸಸಿ ಎರಡು ಸಲವೂ ಆರಡಿ ಬೆಳೆದು, ಕೋಲಿನ ಸಮೇತ ಬಾಗಿ ಬಿತ್ತು. ಸಿಕ್ಕಿದ್ದು ನಾಲ್ಕೈದು ಹಣ್ಣು. 'ಡ್ವಾರ್ಫ್' ಎಂದು ಬರೆದಿರುವ ಬೀಜ ತಂದರೆ ಸರಿಹೋಗುತ್ತದೆಯೇ? ಯಾವ ತಳಿ, ಎಷ್ಟು ದೊಡ್ಡ ಕುಂಡ?

ಉತ್ತರ: ಆ ಒಂದು ಪದ ನೋಡಿ ಕೊಂಡರೆ ಸಾಲದು. ಗಿಡ ಎತ್ತರ ಹೋಗುವುದಿಲ್ಲ ಎಂದಷ್ಟೇ ಅದು ಹೇಳುತ್ತದೆ. ಯಾಕೆ ಗಿಡ್ಡ ಎಂದು ಹೇಳುವುದಿಲ್ಲ. ಕುಂಡದ ಅಳತೆ, ಹಣ್ಣು ಬರುವ ರೀತಿ, ಚಿಗುರು ಚಿವುಟಬೇಕೋ ಬಾರದೋ ಎಂಬುದೆಲ್ಲ ನಿಂತಿರುವುದು ಈ 'ಯಾಕೆ' ಮೇಲೆ.

ಟೊಮೆಟೊ ಗಿಡ್ಡಗಾಗುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಮೊದಲನೆಯದು, ಕಾಂಡ ಒಂದು ಹಂತದಲ್ಲಿ ಹೂಗೊಂಚಲಿನಲ್ಲಿ ಮುಗಿದು ಬೆಳವಣಿಗೆ ನಿಲ್ಲಿಸುವುದು. 1914ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ತಾನಾಗಿ ಕಾಣಿಸಿಕೊಂಡ ಒಂದು ಮಾರ್ಪಾಟಿನಿಂದ ಈ ಗುಣ ಬಂತು. ಇವತ್ತು ಹೊಲದಲ್ಲಿ ಕೋಲಿಲ್ಲದೆ ಬೆಳೆಯುವ 'ಡಿಟರ್ಮಿನೇಟ್' ತಳಿಗಳಿಗೆಲ್ಲ ಇದೇ ಆಧಾರ. ಇವುಗಳ ಗೆಣ್ಣುಗಳ ನಡುವಿನ ಅಂತರ ಮಾಮೂಲಿನದೇ. ಹಾಗಾಗಿ ಎತ್ತರ ಎರಡೂವರೆಯಿಂದ ನಾಲ್ಕು ಅಡಿಗೆ ನಿಂತರೂ ಗಿಡ ಅಡ್ಡಡ್ಡ ಹರಡಿಕೊಳ್ಳುತ್ತದೆ. ಬಹುಪಾಲು ಹಣ್ಣು ನಾಲ್ಕರಿಂದ ಆರು ವಾರದೊಳಗೆ ಬಂದುಬಿಡುತ್ತದೆ, ಆಮೇಲೆ ಗಿಡ ಸೊರಗುತ್ತದೆ.

ಎರಡನೆಯದೇ ನಿಜವಾದ ಕುಬ್ಜ ಗುಣ. ಬ್ರಾಸಿನೊಸ್ಟಿರಾಯ್ಡ್ ಎಂಬ ಬೆಳವಣಿಗೆಯ ಹಾರ್ಮೋನು ಗಿಡದಲ್ಲಿ ಸರಿಯಾಗಿ ತಯಾರಾಗದಂತೆ ಒಂದು ಜೀನ್ ಕೆಟ್ಟಿರುತ್ತದೆ. ಕಾಂಡ ಬೆರಳಿನಷ್ಟು ದಪ್ಪ, ಗೆಣ್ಣುಗಳು ಒತ್ತೊತ್ತಾಗಿ, ಎಲೆ ಕಡುಹಸಿರಾಗಿ ಸುಕ್ಕುಸುಕ್ಕು. ಗಿಡ ಬೆಳೆಯುತ್ತಲೇ ಇರುತ್ತದೆ, ಆದರೆ ಮಾಮೂಲಿ ಬಳ್ಳಿ ಟೊಮೆಟೊದ ಅರ್ಧದಷ್ಟು ವೇಗದಲ್ಲಿ. ಮೂರು-ನಾಲ್ಕು ಅಡಿ ಏರಲು ಇಡೀ ಹಂಗಾಮು ಬೇಕು, ಹಣ್ಣೂ ಅಷ್ಟು ಕಾಲ ಬರುತ್ತಿರುತ್ತದೆ. ನಿಮ್ಮ ಜಾಗಕ್ಕೆ ಹೇಳಿ ಮಾಡಿಸಿದ್ದು ಈ ಗುಂಪು.

ಎರಡೂ ಗುಣ ಒಂದೇ ಗಿಡದಲ್ಲಿ ಕೂಡಿದರೆ ಮೈಕ್ರೊ ಡ್ವಾರ್ಫ್. ಒಂದಡಿಯ ಆಸುಪಾಸಿನಲ್ಲೇ ನಿಲ್ಲುವ ಅಂಗೈಯಗಲದ ಪೊದೆ.

ಹೆಸರು ದಾರಿ ತಪ್ಪಿಸುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ 'ಪೂಸಾ ಅರ್ಲಿ ಡ್ವಾರ್ಫ್' ಹೆಸರಿನಲ್ಲಿ ಡ್ವಾರ್ಫ್ ಇದ್ದರೂ ಅದು ಮೊದಲ ಗುಂಪಿನ ಡಿಟರ್ಮಿನೇಟ್ ತಳಿ. ತಳಿ ಒಳ್ಳೆಯದೇ, ಬೇಗ ಫಲ ಕೊಡುತ್ತದೆ. ಆದರೆ 8 ಇಂಚಿನ ಕುಂಡಕ್ಕೆ ಹಾಕಿದರೆ ನರಳುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ (ಐ.ಐ.ಎಚ್.ಆರ್.) ಅರ್ಕಾ ವಿಕಾಸ್, ಅರ್ಕಾ ರಕ್ಷಕ್ ಕೂಡ ಕುಬ್ಜವಲ್ಲ. ಎಲೆ ಮುಟುರು ನಂಜು, ದುಂಡಾಣು ಸೊರಗು ರೋಗ ಮತ್ತು ಎಲೆಯಂಗಮಾರಿ ಮೂರನ್ನೂ ತಡೆಯುವ ಅರ್ಕಾ ರಕ್ಷಕ್ ಟೆರೇಸಿನಲ್ಲಿ ಜಾಗ ಇರುವವರಿಗೆ ಬಹಳ ಒಳ್ಳೆಯ ಆಯ್ಕೆ. ನಾಲ್ಕಡಿ ಬಾಲ್ಕನಿಗೆ ಮಾತ್ರ ಬೇಡ.

ಹಾಗಾದರೆ ಯಾವುದು?

ಮೈಕ್ರೊ ಗುಂಪಿನಲ್ಲಿ ಬೀಜ ಸುಲಭವಾಗಿ ಸಿಗುವವು ಮೈಕ್ರೊ ಟಾಮ್, ಟೈನಿ ಟಿಮ್, ರೆಡ್ ರಾಬಿನ್, ಆರೆಂಜ್ ಹ್ಯಾಟ್. ಮೈಕ್ರೊ ಟಾಮ್ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಅಲಂಕಾರಕ್ಕೆಂದು ತಯಾರಾಗಿ 1989ರಲ್ಲಿ ಹೊರಬಂತು. 6ರಿಂದ 8 ಇಂಚು ಎತ್ತರ, 1 ಲೀಟರ್ ಕುಂಡದಲ್ಲೂ ಬದುಕುತ್ತದೆ. ನೋಡಲು ಚೆಂದ, ರುಚಿ ಸಾಧಾರಣ, ಸಿಪ್ಪೆ ಗಟ್ಟಿ. ತಿನ್ನಲೆಂದು ಬೆಳೆಯುವುದಾದರೆ ಟೈನಿ ಟಿಮ್ ಅಥವಾ ಆರೆಂಜ್ ಹ್ಯಾಟ್ ಮೇಲು. ಟೈನಿ ಟಿಮ್ 1945ರ ಹಳೆಯ ತಳಿ, 12ರಿಂದ 18 ಇಂಚು ಬೆಳೆಯುತ್ತದೆ, 5 ಲೀಟರ್ ಕುಂಡ ಬೇಕು. ರೆಡ್ ರಾಬಿನ್, ಆರೆಂಜ್ ಹ್ಯಾಟ್‌ಗೆ 2ರಿಂದ 3 ಲೀಟರ್ ಸಾಕು. ಒಂದು ಗಿಡದಿಂದ ಕಾಲು ಕಿಲೋ, ಚೆನ್ನಾಗಿ ನೋಡಿಕೊಂಡರೆ ಅರ್ಧ ಕಿಲೋ ಚೆರ್ರಿ ಗಾತ್ರದ ಹಣ್ಣು. ದಿನವೂ ಸಾರಿಗೆ ಹಾಕುವಷ್ಟು ಇದರಿಂದ ಆಗದು. ಕೋಸಂಬರಿಗೆ, ಮಕ್ಕಳ ಕೈಗೆ ಆದೀತು.

ಅಡುಗೆಗೆ ಸಿಗುವಷ್ಟು ದೊಡ್ಡ ಹಣ್ಣು ಬೇಕೆಂದರೆ ನಿಜವಾದ ಕುಬ್ಜ ತಳಿಗಳಿಗೇ ಬರಬೇಕು. ಹಿಂದೆ ಇಂಥವು ಬೆರಳೆಣಿಕೆಯಷ್ಟೇ ಇದ್ದವು. ನ್ಯೂ ಬಿಗ್ ಡ್ವಾರ್ಫ್ ಎಂಬ 1909ರ ಅಮೆರಿಕನ್ ತಳಿ ಅವುಗಳಲ್ಲಿ ಒಂದು. 2000ದ ದಶಕದ ಮಧ್ಯದಲ್ಲಿ ಆಸ್ಟ್ರೇಲಿಯಾದ ಪ್ಯಾಟ್ರಿನಾ ನಸ್ಕೆ ಸ್ಮಾಲ್ ಮತ್ತು ಅಮೆರಿಕದ ಉತ್ತರ ಕ್ಯಾರೊಲಿನಾದ ಕ್ರೇಗ್ ಲೆಹೌಲಿಯರ್ ಸೇರಿ 'ಡ್ವಾರ್ಫ್ ಟೊಮೆಟೊ ಪ್ರಾಜೆಕ್ಟ್' ಶುರುಮಾಡಿದರು. ರುಚಿಗೆ ಹೆಸರಾದ ಉದ್ದ ತಳಿಗಳನ್ನು ಹಳೆಯ ಕುಬ್ಜ ತಳಿಗಳ ಜೊತೆ ಸಂಕರಿಸಿದರು. ಅಲ್ಲಿ ಬೇಸಿಗೆಯಾದಾಗ ಇಲ್ಲಿ ಚಳಿಗಾಲ ಎಂಬಂತೆ ಎರಡು ಗೋಳಾರ್ಧಗಳಲ್ಲೂ ಹವ್ಯಾಸಿ ತೋಟಗಾರರು ಇದ್ದುದರಿಂದ ವರ್ಷಕ್ಕೆ ಎರಡು ತಲೆಮಾರು ಬೆಳೆಸಲು ಆಯಿತು. ಅಲ್ಲಿಂದ ನೂರಕ್ಕೂ ಹೆಚ್ಚು ತಳಿ ಹೊರಬಂದಿವೆ: ನೇರಳೆ ಛಾಯೆಯ ರೊಸೆಲಾ ಪರ್ಪಲ್, ಇಟ್ಟಿಗೆ ಕಂದಿನ ಟ್ಯಾಸ್ಮೇನಿಯನ್ ಚಾಕೊಲೇಟ್, ಹಳದಿ ಡ್ವಾರ್ಫ್ ಸ್ವೀಟ್ ಸ್ಯೂ ಹೀಗೆ. ಇವು ಹೈಬ್ರಿಡ್ ಅಲ್ಲ. ಬೀಜ ಹಿಡಿದು ಮತ್ತೆ ಬಿತ್ತಬಹುದು.

ಒಂದು ಎಚ್ಚರಿಕೆ. ಇವನ್ನು ಆರಿಸಿದ್ದು ರುಚಿ, ಬಣ್ಣ, ಗಾತ್ರ ನೋಡಿ. ನಮ್ಮ ಸೆಕೆ ಮತ್ತು ನಂಜು ರೋಗಗಳನ್ನು ತಾಳುತ್ತವೆಯೇ ಎಂದು ನೋಡಿ ಅಲ್ಲ. ದೊಡ್ಡ ಹಣ್ಣಿನ ತಳಿಗಳು ಸೆಕೆಯಲ್ಲಿ ಕಾಯಿ ಕಟ್ಟುವುದು ಕಡಿಮೆ. ಹಗಲು 35 ಡಿಗ್ರಿ ದಾಟಿದಾಗ, ರಾತ್ರಿಯೂ 24ಕ್ಕಿಂತ ಕೆಳಗಿಳಿಯದಿದ್ದಾಗ ಪರಾಗ ಕೆಟ್ಟು ಹೂ ಉದುರುತ್ತದೆ. ಕಲಬುರಗಿ, ರಾಯಚೂರಿನವರು ಸೆಪ್ಟೆಂಬರಿನಲ್ಲೇ ಬಿತ್ತಿ ಫೆಬ್ರವರಿಯೊಳಗೆ ಹಣ್ಣು ಮುಗಿಸಿಕೊಳ್ಳಬೇಕು, ಅಥವಾ ಚೆರ್ರಿ ಗಾತ್ರದ ತಳಿಗೇ ನಿಲ್ಲಬೇಕು. ಮಂಗಳೂರು, ಉಡುಪಿ ಕಡೆಯವರು ಮಳೆ ಹಿಂದೆ ಸರಿದ ಮೇಲೆ ನಾಟಿ ಮಾಡಲಿ. ಅಂಗಳದ ಮಣ್ಣನ್ನು ಕುಂಡಕ್ಕೆ ಬೆರೆಸುವುದೇ ಬೇಡ. ಕರಾವಳಿಯ ಹುಳಿ ಮಣ್ಣಿನಲ್ಲಿ ಸೊರಗು ರೋಗದ ದುಂಡಾಣು ಸಾಮಾನ್ಯ, ಹಸಿರಾಗಿದ್ದ ಗಿಡ ಎರಡು ದಿನದಲ್ಲಿ ತಲೆ ಬಾಗಿಸುತ್ತದೆ.

ಬಿಸಿಲನ್ನು ಮೊದಲು ಅಳೆಯಿರಿ

ಬೀಜ ಕೊಳ್ಳುವ ಮುಂಚೆ ಬಾಲ್ಕನಿ ಯಾವ ದಿಕ್ಕಿಗಿದೆ ನೋಡಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ನಡುಹಗಲಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ, ಆದ್ದರಿಂದ ದಕ್ಷಿಣದ ಬಾಲ್ಕನಿಯ ಒಳಗೆಲ್ಲ ಬಿಸಿಲು ಬೀಳುತ್ತದೆ. ಅದೇ ಏಪ್ರಿಲ್ ಕೊನೆಗೆ ನಡುನೆತ್ತಿಗೆ ಬರುತ್ತಾನೆ. ಮೇಲಿನ ಮಹಡಿಯ ಸ್ಲ್ಯಾಬ್ ನಡುಹಗಲ ಬಿಸಿಲನ್ನು ಪೂರ್ತಿ ತಡೆಯುತ್ತದೆ. ದಕ್ಷಿಣದ ಬಾಲ್ಕನಿಯವರು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಬೇಕೆನ್ನುವುದಕ್ಕೆ ಹವೆಯ ಜೊತೆ ಇದೂ ಒಂದು ಕಾರಣ. ಉತ್ತರದ ಬಾಲ್ಕನಿಗೆ ನೇರ ಬಿಸಿಲು ಬರುವುದು ಹೆಚ್ಚಾಗಿ ಮೇ–ಜುಲೈನಲ್ಲಿ, ಅದೂ ಮೋಡದ ಕಾಲ. ಅಲ್ಲಿ ಟೊಮೆಟೊ ಬೇಡ, ಪುದೀನ ಬೆಳೆಯಿರಿ. ಪೂರ್ವದ ಬಾಲ್ಕನಿಯಲ್ಲಿ ನಾಲ್ಕು ಗಂಟೆ ಬಿಸಿಲಿದ್ದರೆ ಮೈಕ್ರೊ ಗುಂಪು ಒಗ್ಗುತ್ತದೆ. ದೊಡ್ಡ ಹಣ್ಣಿನ ಕುಬ್ಜ ತಳಿಗೆ ಆರು ಗಂಟೆ ಬೇಕೇ ಬೇಕು.

ಗಿಡ್ಡ ಗಿಡಕ್ಕೆ ಇನ್ನೊಂದು ತೊಂದರೆ ಇದೆ, ಅನೇಕರು ಅದನ್ನು ಗಮನಿಸುವುದೇ ಇಲ್ಲ. ಬಾಲ್ಕನಿಗೆ ಮೂರೂವರೆ ಅಡಿಯ ಗಟ್ಟಿ ಗೋಡೆ ಇದ್ದರೆ ಅದರ ಬುಡದಲ್ಲಿ ನೆಲದ ಮೇಲಿಟ್ಟ ಎಂಟಿಂಚಿನ ಗಿಡಕ್ಕೆ ದಿನದ ಹೆಚ್ಚು ಹೊತ್ತು ನೆರಳೇ. ಬಿಸಿಲು ಹುಡುಕಿಕೊಂಡು ಏರುವ ಶಕ್ತಿ ಅದಕ್ಕಿಲ್ಲ. ಮೈಕ್ರೊ ಕುಂಡಗಳನ್ನು ಗೋಡೆಯ ಮಟ್ಟಕ್ಕೆ ಬರುವ ಸ್ಟ್ಯಾಂಡಿನ ಮೇಲೆ ಅಥವಾ ಒಳಬದಿಗೆ ಭದ್ರವಾಗಿ ಬಿಗಿದ ರೇಲಿಂಗ್ ತೊಟ್ಟಿಯಲ್ಲಿ ಇಡಿ.

ನಿಮ್ಮ 4×9 ಅಡಿಗೆ ಲೆಕ್ಕ ಹೀಗೆ: ಬಿಸಿಲು ಹೆಚ್ಚು ಬೀಳುವ ತುದಿಯಲ್ಲಿ 20 ಲೀಟರಿನ ಎರಡು ಕುಂಡ, ನಡುವೆ ಎರಡಡಿ ಬಿಟ್ಟು, ಒಂದೊಂದರಲ್ಲಿ ಒಂದೇ ಕುಬ್ಜ ಗಿಡ. ಗೋಡೆಯ ಮಟ್ಟದಲ್ಲಿ 3 ಲೀಟರಿನ ನಾಲ್ಕು ಕುಂಡದಲ್ಲಿ ಮೈಕ್ರೊ. ಇದಕ್ಕಿಂತ ಹೆಚ್ಚು ತುಂಬಿದರೆ ಗಾಳಿ ಆಡುವುದಿಲ್ಲ. ಕುಬ್ಜ ಗಿಡದ ಎಲೆಗಳು ಮೊದಲೇ ಒತ್ತೊತ್ತು. ಮಳೆಗಾಲದಲ್ಲಿ ಒಳಗಿನ ತೇವ ಆರದೆ ಅಂಗಮಾರಿಯ ಕಂದು ಚುಕ್ಕೆ ಬುಡದ ಎಲೆಯಿಂದ ಏರುತ್ತದೆ. ಮಣ್ಣಿನಿಂದ ಆರಿಂಚಿನವರೆಗಿನ ಎಲೆಗಳನ್ನು ತೆಗೆದುಬಿಡಿ, ನೀರನ್ನು ಬುಡಕ್ಕೇ ಹಾಕಿ.

ಕುಂಡಕ್ಕೆ ತುಂಬುವ ಮಿಶ್ರಣ: ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ನಾಲ್ಕು ಪಾಲು, ಎರೆಗೊಬ್ಬರ ಮೂರು, ಜರಡಿ ಹಿಡಿದ ಕೆಮ್ಮಣ್ಣು ಎರಡು, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಅಥವಾ ದಪ್ಪ ಮರಳು ಒಂದು. 20 ಲೀಟರಿಗೆ 50 ಗ್ರಾಂ ಬೇವಿನ ಹಿಂಡಿ. ಬರೀ ಮಣ್ಣು ತುಂಬಿದ 20 ಲೀಟರ್ ಕುಂಡ ನೆನೆದಾಗ 30 ಕಿಲೋ ದಾಟುತ್ತದೆ. ಬಾಲ್ಕನಿಗೆ ಆ ಭಾರ ಬೇಡ. ಕರಾವಳಿ ಕಡೆಯವರು ಮಣ್ಣಿನ ಪಾಲನ್ನೂ ಕೊಕೊಪೀಟಿನಿಂದಲೇ ತುಂಬಲಿ.

ಸಸಿಯ ಹಂತದಲ್ಲಿ ತಾಳ್ಮೆ ಬೇಕು. ಮಾಮೂಲಿ ಟೊಮೆಟೊ 25–30 ದಿನಕ್ಕೆ ನಾಟಿಗೆ ಬಂದರೆ ಕುಬ್ಜ ಸಸಿಗೆ 40 ದಿನ ಹಿಡಿಯುತ್ತದೆ. ಮೂರನೇ ಎಲೆ ಬರುವಷ್ಟರಲ್ಲಿ ಮೋಟು ಕಾಂಡ, ಸುಕ್ಕು ಎಲೆ ಕಾಣುತ್ತದೆ. ಇಲ್ಲೇ ದೊಡ್ಡ ತಪ್ಪು ಆಗುವುದು: ಎಲೆ ಮುಟುರು ರೋಗ ಬಂತೆಂದು ಆರೋಗ್ಯವಾಗಿರುವ ಸಸಿಯನ್ನೇ ಕಿತ್ತೆಸೆಯುತ್ತಾರೆ. ವ್ಯತ್ಯಾಸ ಹೀಗೆ ತಿಳಿಯಿರಿ. ಕುಬ್ಜ ಗುಣದ ಸುಕ್ಕು ಮೊದಲಿನಿಂದಲೂ ಎಲ್ಲ ಎಲೆಯಲ್ಲೂ ಒಂದೇ ಸಮ ಇರುತ್ತದೆ, ಬಣ್ಣ ಕಡುಹಸಿರು. ರೋಗದ ಮುಟುರು ಚೆನ್ನಾಗಿದ್ದ ಗಿಡದ ಹೊಸ ಚಿಗುರಿನಲ್ಲಿ ಶುರುವಾಗುತ್ತದೆ. ಎಲೆ ಚಿಕ್ಕದಾಗಿ ದೊನ್ನೆಯಂತೆ ಮೇಲಕ್ಕೆ ಮಡಚಿ, ಅಂಚು ಹಳದಿಯಾಗಿ, ಹೂ ಉದುರುತ್ತದೆ. ಎಲೆಯಡಿ ಬಿಳಿ ನೊಣ ಹಾರಿದರೆ ಅನುಮಾನ ಬೇಡ. ಅಂಥ ಗಿಡ ಚೇತರಿಸಿಕೊಳ್ಳುವುದಿಲ್ಲ, ತೆಗೆದುಹಾಕಿ. ನೊಣ ತಡೆಯಲು ಮೊದಲ ಆರು ವಾರ ಸಣ್ಣ ಕಣ್ಣಿನ ಬಲೆಯ ಕೆಳಗೆ ಬೆಳೆಸುವುದು ಹಳದಿ ಅಂಟು ಹಾಳೆ ತೂಗುಹಾಕುವುದಕ್ಕಿಂತ ಉತ್ತಮ.

ಕಂಕುಳ ಚಿಗುರು ಚಿವುಟುವ ಅಭ್ಯಾಸವನ್ನು ಇಲ್ಲಿ ಬಿಡಿ. ಬಳ್ಳಿ ಟೊಮೆಟೊಗೆ ಸರಿಹೋಗುವ ಆ ಕೆಲಸ ಕುಬ್ಜ ತಳಿಯ ಫಸಲನ್ನೇ ಕತ್ತರಿಸುತ್ತದೆ, ಏಕೆಂದರೆ ಹೂ ಬರುವುದು ಆ ಕೊಂಬೆಗಳಲ್ಲೂ ಹೌದು. ಮೂರಡಿಯ ಒಂದು ಕೋಲು ಮಾತ್ರ ನಾಟಿಯ ದಿನವೇ ನೆಡಿ. ಕಾಂಡ ದಪ್ಪವಿದ್ದರೂ ಹಣ್ಣಿನ ಭಾರಕ್ಕೆ ಕೊಂಬೆ ಸೀಳುತ್ತದೆ.

ಗೊಬ್ಬರ: ಹೂ ಬರುವ ತನಕ ಹತ್ತು ದಿನಕ್ಕೊಮ್ಮೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಿನಲ್ಲಿ ಕರಗುವ ಗೊಬ್ಬರ) ಲೀಟರಿಗೆ 2 ಗ್ರಾಂ, ಕಾಯಿ ಕಟ್ಟಿದ ಮೇಲೆ ಪೊಟ್ಯಾಷ್ ಹೆಚ್ಚಿರುವ 13:0:45 ಅಷ್ಟೇ ಪ್ರಮಾಣದಲ್ಲಿ. ರಾಸಾಯನಿಕ ಬೇಡವೆನ್ನುವವರು ಎರೆಜಲವನ್ನು ಹತ್ತುಪಟ್ಟು ನೀರಿನಲ್ಲಿ ಬೆರೆಸಿ ವಾರಕ್ಕೊಮ್ಮೆ ಕೊಡಿ. ಹಣ್ಣಿನ ತಳ ಕಪ್ಪಾಗಿ ಚರ್ಮದಂತೆ ಒಣಗಿದರೆ ಕಾಯಿಗೆ ಕ್ಯಾಲ್ಸಿಯಂ ತಲುಪಿಲ್ಲ ಎಂದರ್ಥ. ಕುಂಡದಲ್ಲಿ ಅದಕ್ಕೆ ಕಾರಣ ಸಾಮಾನ್ಯವಾಗಿ ಒಮ್ಮೆ ಒಣಗಿಸಿ ಒಮ್ಮೆ ತೊಯ್ಯಿಸುವುದು. ಮೊಟ್ಟೆ ಚಿಪ್ಪು ಕರಗಿ ಆ ಹಂಗಾಮಿಗೆ ನೆರವಾಗದು. ನೀರನ್ನು ಸಮವಾಗಿ ಕೊಡಿ, ಮೇಲೆ ಎರಡಿಂಚು ಒಣ ಎಲೆ ಹೊದಿಸಿ. ಬೇಕಾದರೆ ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 2 ಗ್ರಾಂ ಹಾಕಿ, 19:19:19ರ ಜೊತೆ ಒಂದೇ ನೀರಿನಲ್ಲಿ ಬೆರೆಸಬೇಡಿ. ಎರಡೂ ಸೇರಿ ಗಸಿ ಕಟ್ಟುತ್ತದೆ.

ಗಾಜು ಹಾಕಿಸಿ ಮುಚ್ಚಿದ ಬಾಲ್ಕನಿಯಲ್ಲಿ ಗಾಳಿಯಿಲ್ಲದೆ ಹೂ ಕಾಯಾಗದೆ ಉದುರುತ್ತದೆ. ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಗೊಂಚಲಿನ ತೊಟ್ಟಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸಾಕು.

ಬೀಜದ ಮಾತು. ವಿದೇಶದ ನೆಂಟರು ಸೂಟ್‌ಕೇಸಿನಲ್ಲಿ ಪೊಟ್ಟಣ ತರುವುದು ರೂಢಿ. ಸಸ್ಯ ಕ್ವಾರಂಟೈನ್ ನಿಯಮದ ಪ್ರಕಾರ ಬೀಜ ತರಲು ಆಮದು ಅನುಮತಿ ಮತ್ತು ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಟೊಮೆಟೊ ಬೀಜದಲ್ಲೇ ಸಾಗುವ ನಂಜು ರೋಗಗಳಿರುವುದರಿಂದ ಈ ನಿಯಮಕ್ಕೆ ಅರ್ಥವಿದೆ. ದೇಶದೊಳಗಿನ ಮಾರಾಟಗಾರರಿಂದ ಒಮ್ಮೆ ತಂದು, ಆಮೇಲೆ ನೀವೇ ಹಿಡಿಯಿರಿ. ಚೆನ್ನಾಗಿ ಹಣ್ಣಾದದ್ದನ್ನು ಹಿಂಡಿ, ತಿರುಳಿನ ಸಮೇತ ಲೋಟದಲ್ಲಿ ಎರಡು ದಿನ ಹುಳಿಯಲು ಬಿಟ್ಟು, ತೊಳೆದು ನೆರಳಲ್ಲಿ ಒಣಗಿಸಿ. 'ಎಫ್1' (ಅಂದರೆ ಹೈಬ್ರಿಡ್) ಎಂದು ಬರೆದಿರುವ ತಳಿಯ ಬೀಜ ತಾಯಿಯಂತೆ ಬರುವುದಿಲ್ಲ.

ಕುಬ್ಜ ಗುಣ ಅಪ್ಪ-ಅಮ್ಮ ಎರಡೂ ಕಡೆಯಿಂದ ಬಂದರಷ್ಟೇ ಗಿಡದಲ್ಲಿ ಕಾಣುತ್ತದೆ. ಹಾಗಾಗಿ ನೀವು ಹಿಡಿದ ಬೀಜದಲ್ಲಿ ತೆಳು ಕಾಂಡದ, ನುಣುಪು ಎಲೆಯ ಉದ್ದ ಸಸಿಯೊಂದು ಎದ್ದರೆ ಪಕ್ಕದ ಮನೆಯ ಉದ್ದ ಟೊಮೆಟೊದ ಪರಾಗವನ್ನು ಜೇನುನೊಣವೊಂದು ಹೊತ್ತು ತಂದಿತ್ತು ಎಂದು ತಿಳಿಯಬಹುದು. ಅದನ್ನು ಬಾಲ್ಕನಿಯಲ್ಲಿ ಇಟ್ಟುಕೊಳ್ಳಬೇಡಿ. ಟೆರೇಸ್ ಇರುವ ಗೆಳೆಯರಿಗೆ ಕೊಡಿ.