ಸಿಡಿದ ಸಾಸಿವೆಯ ಲೆಕ್ಕ

ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಸಂಖ್ಯಾಶಾಸ್ತ್ರದ ಮುಕ್ಕಾಲು ಪಾಲು ಈ ಮಾತಿನಲ್ಲೇ ಇದೆ. ಆದರೆ ಇದಕ್ಕೊಂದು ಷರತ್ತಿದೆ, ಅದನ್ನು ಯಾರೂ ಹೇಳುವುದಿಲ್ಲ: ಅಗುಳನ್ನು ಆರಿಸಿದ್ದು ನೀವಾಗಿರಬೇಕು. ಅಗುಳೇ ಮುಂದೆ ಬಂದು 'ನನ್ನನ್ನು ಹಿಸುಕಿ ನೋಡಿ' ಅಂದರೆ, ಆ ಅಗುಳಿನ ಮೇಲೆ ಸ್ವಲ್ಪ ಅನುಮಾನ ಪಡಬೇಕು.

ಲಂಡನ್ನಿನ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಥೇಮ್ಸ್ ನದಿಗೆ ಅಂಟಿಕೊಂಡೇ ಸಾಗುವ ರಸ್ತೆ. 2014ರ ಸೆಪ್ಟೆಂಬರಿನಲ್ಲಿ ನಗರದ ಸಾರಿಗೆ ಸಂಸ್ಥೆ ಒಂದು ಯೋಜನೆ ಮುಂದಿಟ್ಟಿತು. ಈ ರಸ್ತೆಯಲ್ಲಿ ವಾಹನಗಳ ಜಾಗ ಕಿತ್ತು, ಕಲ್ಲಿನ ಅಂಚು ಕಟ್ಟಿ, ಸೈಕಲ್ಲಿಗೆ ಬೇರೆಯೇ ದಾರಿ ಮಾಡುವುದು. ಆಗ ಬೋರಿಸ್ ಜಾನ್ಸನ್ ಮೇಯರ್. ಇದನ್ನೂ ಇದರ ಜೊತೆಗಿದ್ದ ಉತ್ತರ-ದಕ್ಷಿಣ ದಾರಿಯನ್ನೂ ಸೇರಿಸಿ ಜನರ ಅಭಿಪ್ರಾಯ ಕೇಳಿದರು. 21,500ಕ್ಕೂ ಜಾಸ್ತಿ ಉತ್ತರಗಳು ಬಂದವು. 84 ಶೇಕಡಾ ಜನ ಬೆಂಬಲಿಸಿದ್ದರು.

'ನೋಡಿ, ಲಂಡನ್ನಿನ 84 ಶೇಕಡಾ ಜನಕ್ಕೆ ಸೈಕಲ್ ದಾರಿ ಬೇಕು' ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ನಾನು ಸೈಕಲ್ ಪಕ್ಷದವನೇ. ಆದರೂ ಬರುತ್ತದೆ.

ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವುದನ್ನು ನೆನಪಿಸಿಕೊಳ್ಳಿ. ಹಾರಿ ಬಂದು ಕೈಗೆ ಚುರುಕ್ ಅನ್ನಿಸುವ ನಾಲ್ಕು ಕಾಳು ಬಾಣಲೆಯಲ್ಲಿರುವ ಎಲ್ಲ ಕಾಳಿನ ಪ್ರತಿನಿಧಿಗಳಲ್ಲ. ಅವು ಹೆಚ್ಚು ಕಾದ ಕಾಳುಗಳು, ಅಷ್ಟೇ. ತಾವಾಗಿಯೇ ಉತ್ತರ ಬರೆಯುವವರೂ ಹಾಗೇ. ಹೋಟೆಲಿನ ದೂರು ಪುಸ್ತಕ ಓದಿ ಅಡುಗೆಗೆ ಅಂಕ ಕೊಡುವುದೂ ಹಾಗೇ. ಇಡ್ಲಿ ಸುಮಾರಾಗಿತ್ತು ಅಂತ ಬರೆಯಲು ಯಾರು ಪೆನ್ನು ಹುಡುಕುತ್ತಾರೆ? ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲೂ ಅಷ್ಟೆ, ಪಾರ್ಕಿಂಗ್ ವಿಷಯ ಬಂದರೆ ಅದೇ ಆರು ಜನ.

ಕಾಳು ಜಾಸ್ತಿಯಾದರೆ ಸರಿಹೋಗುತ್ತದೆ ಅನ್ನುವವರಿಗೆ 1936ರ ಕಥೆ ಹೇಳಬೇಕು. ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮುಂಚೆ ಸುಮಾರು 1 ಕೋಟಿ ಜನರಿಗೆ ಚೀಟಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ರಿಪಬ್ಲಿಕನ್ ಅಭ್ಯರ್ಥಿ ಆಲ್ಫ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಬರೆಯಿತು. ಎದುರಾಳಿ, ಆಗಿನ ಅಧ್ಯಕ್ಷ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು! ವಿಳಾಸಗಳಲ್ಲಿ ಬಹಳಷ್ಟು ಫೋನ್ ಮತ್ತು ಕಾರು ಇದ್ದವರದ್ದು. ಚೀಟಿ ಸಿಕ್ಕಿದವರಲ್ಲೂ ರೂಸ್‌ವೆಲ್ಟ್ ಮೇಲೆ ಕೋಪ ಇದ್ದವರೇ ಹೆಚ್ಚಾಗಿ ವಾಪಸ್ ಕಳಿಸಿದ್ದರು. ಅದೇ ಚುನಾವಣೆಯಲ್ಲಿ ಜನಾಭಿಪ್ರಾಯ ಸಮೀಕ್ಷೆ ನಡೆಸುತ್ತಿದ್ದ ಜಾರ್ಜ್ ಗ್ಯಾಲಪ್ ಸುಮಾರು 50,000 ಜನರನ್ನಷ್ಟೇ ಕೇಳಿ, ಗೆಲ್ಲುವವರು ಯಾರೆಂದು ಸರಿಯಾಗಿ ಹೇಳಿದರು. ಸಾರಿನ ರುಚಿ ನೋಡಲು ಕೊಳದಪ್ಪಲೆ ಖಾಲಿ ಮಾಡಬೇಕಿಲ್ಲ, ಸೌಟು ಹಾಕಿ ಚೆನ್ನಾಗಿ ತಿರುವಿದರೆ ಒಂದು ಚಮಚ ಸಾಕು. ತಿರುವದಿದ್ದರೆ ಹತ್ತು ಲೋಟ ಕುಡಿದರೂ ತಿಳಿ ಮಾತ್ರ ಸಿಗುತ್ತದೆ, ಬೇಳೆ ತಳದಲ್ಲೇ ಇರುತ್ತದೆ.

ಹಾಗಾದರೆ 21,500 ಉತ್ತರಗಳು ದಂಡವಾ? ಅಲ್ಲವೇ ಅಲ್ಲ. ಅವುಗಳನ್ನು ಎಣಿಸುವ ಬದಲು ಓದಬೇಕು. ಎಷ್ಟು ಜನ ಹೂಂ ಅಂದರು ಎನ್ನುವುದಕ್ಕಿಂತ, ಯಾವ ಮೂಲೆಯಲ್ಲಿ ಯಾರಿಗೆ ಏನು ತೊಂದರೆ ಎನ್ನುವುದು ಮುಖ್ಯ. ದಿನಾ ಅಲ್ಲಿ ಓಡಾಡುವವರ ಕಣ್ಣಿಗೆ ಬಿದ್ದದ್ದು ನಕ್ಷೆ ಬರೆದವರ ಕಣ್ಣಿಗೆ ಬಿದ್ದಿರುವುದಿಲ್ಲ. ಲಂಡನ್ನಿನಲ್ಲಿ ಆದದ್ದೂ ಅದೇ. ವಾಹನಗಳು ತುಂಬಾ ನಿಧಾನವಾಗುತ್ತವೆ ಎಂಬ ಆಕ್ಷೇಪ ಜೋರಾಗಿತ್ತು. 2015ರ ಜನವರಿಯಲ್ಲಿ ನಕ್ಷೆ ಬದಲಾಯಿತು. ಕೆಲವು ಕಡೆ ಸೈಕಲ್ ದಾರಿಯ ಅಗಲ ಕಡಿಮೆ ಮಾಡಿ ವಾಹನಗಳಿಗೆ ಜಾಗ ಉಳಿಸಿದರು. ಅತಿ ಹೆಚ್ಚು ತಡವಾಗುವ ಪ್ರಯಾಣಕ್ಕೆ 16 ನಿಮಿಷ ಜಾಸ್ತಿ ಬೇಕಾಗುತ್ತದೆ ಅನ್ನುತ್ತಿದ್ದ ಅಂದಾಜು 6 ನಿಮಿಷಕ್ಕೆ ಇಳಿಯಿತು.

ಆದರೆ ಸೈಕಲ್ ದಾರಿ ರಸ್ತೆಯ ಯಾವ ಬದಿಗಿರಬೇಕು? ಇದನ್ನು ಕೈ ಎತ್ತಿಸಿ ತೀರ್ಮಾನಿಸಬೇಕಿಲ್ಲ. ಇಲ್ಲಿ ಸ್ವಲ್ಪ ದಾರಿ ತಪ್ಪಿ 1858ಕ್ಕೆ ಹೋಗಬೇಕು. ಆ ಬೇಸಿಗೆಯಲ್ಲಿ ಥೇಮ್ಸ್ ಎಷ್ಟು ನಾರಿತ್ತೆಂದರೆ, ಸಂಸತ್ತಿನ ಪರದೆಗಳನ್ನು ನಾತ ತಡೆಯಲು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ತೂಗುಹಾಕಿದ್ದರು. ಆಮೇಲೆ ಜೋಸೆಫ್ ಬಜಲ್‌ಜೆಟ್ ಎಂಬ ಎಂಜಿನಿಯರ್ ನದಿಯ ಅಂಚನ್ನು ತುಂಬಿಸಿ, ಒಳಗೆ ದೊಡ್ಡ ಚರಂಡಿ ಹಾಯಿಸಿ, ಮೇಲೆ ರಸ್ತೆ ಮಾಡಿದರು. 1870ರಲ್ಲಿ ಅದು ತೆರೆಯಿತು. ಕೆಳಗೆ ರೈಲೂ ಓಡುತ್ತದೆ. ಅಂದರೆ ಈ ಭವ್ಯ ರಸ್ತೆ ನಿಜಕ್ಕೂ ಒಂದು ಮೋರಿಯ ಮುಚ್ಚಳ! ನದಿಯಿಂದ ಕಸಿದುಕೊಂಡ ಜಾಗವಾದ್ದರಿಂದ ಅದರ ನೀರಿನ ಬದಿಗೆ ಅಡ್ಡರಸ್ತೆಗಳಿಲ್ಲ.

ಸೈಕಲ್ ಸವಾರರಿಗೆ ದೊಡ್ಡ ಅಪಾಯ ಇರುವುದು ತಿರುವಿನಲ್ಲಿ. ಅಡ್ಡರಸ್ತೆಗೆ ಹೊರಳುವ ಕಾರು ನೇರ ಹೋಗುವ ಸೈಕಲ್ಲಿನ ದಾರಿಯನ್ನು ಕತ್ತರಿಸುತ್ತದೆ. ನದಿಯೊಳಕ್ಕೆ ಯಾವ ಕಾರೂ ತಿರುಗುವುದಿಲ್ಲವಲ್ಲ! ಹಾಗಾಗಿ ಹೋಗುವ ಬರುವ ಎರಡೂ ದಿಕ್ಕಿನ ಸೈಕಲ್ಲುಗಳನ್ನು ನೀರಿನ ಬದಿಗೇ ಹಾಕಿದರು.

2016ರ ಮೇ ತಿಂಗಳಲ್ಲಿ ದಾರಿ ತೆರೆಯಿತು. ಸಾರಿಗೆ ಸಂಸ್ಥೆಯ ಎಣಿಕೆಯ ಪ್ರಕಾರ, ಹೆಚ್ಚು ಗಿಜಿಗುಡುವ ಜಾಗಗಳಲ್ಲಿ ರಸ್ತೆಯ 30 ಶೇಕಡಾ ಜಾಗವಷ್ಟೇ ಹಿಡಿದ ಸೈಕಲ್ ದಾರಿಯಲ್ಲಿ 46 ಶೇಕಡಾ ಜನ ಸಾಗುತ್ತಿದ್ದರು. ಇದು ಜನದಟ್ಟಣೆಯ ಹೊತ್ತಿನ ಲೆಕ್ಕ, ಮಧ್ಯಾಹ್ನದ್ದಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಆದರೂ 'ಆ ದಾರಿ ಯಾವಾಗಲೂ ಖಾಲಿ' ಅನ್ನುವ ದೂರು ನಿಲ್ಲುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ಸರಾಗವಾಗಿ ಓಡುವ ದಾರಿ ಖಾಲಿಯಾಗಿಯೇ ಕಾಣುತ್ತದೆ. ಸೈಕಲ್ಲಿನವನು ಎರಡು ಸೆಕೆಂಡಿನಲ್ಲಿ ನಿಮ್ಮ ಕಿಟಕಿ ದಾಟಿ ಹೋಗಿರುತ್ತಾನೆ. ಟ್ಯಾಕ್ಸಿಯಲ್ಲಿ ಸಿಕ್ಕಿಕೊಂಡವನಿಗೆ ಮಾತ್ರ ಹೊರಗೆ ನೋಡಲು ಬೇಕಾದಷ್ಟು ಸಮಯ. ಫೋನ್ ತೆಗೆದು ದೂರು ಟೈಪ್ ಮಾಡಲೂ ಸಮಯ.