ಪದ ಪರಿಚಯ: ಕ್ರಿಸ್‌ಕ್ರಾಸ್

ಶಂಕರಪೋಳಿ ಮಾಡುವುದನ್ನು ನೋಡಿದ್ದೀರಲ್ವಾ? ಲಟ್ಟಿಸಿದ ಹಿಟ್ಟಿನ ಮೇಲೆ ಮೊದಲು ಒಂದೇ ದಿಕ್ಕಿಗೆ ಸಾಲಾಗಿ ಗೆರೆ ಕೊಯ್ಯುತ್ತಾರೆ. ಆಮೇಲೆ ಚಾಕು ಓರೆ ಹಿಡಿದು, ಆ ಗೆರೆಗಳನ್ನು ದಾಟಿಕೊಂಡು ಇನ್ನೊಂದು ಸಾಲು. ಹೀಗೆ ಗೆರೆಗಳು ಒಂದನ್ನೊಂದು ದಾಟಿಕೊಂಡು ಹೋಗುವುದನ್ನೇ ಇಂಗ್ಲಿಷಿನಲ್ಲಿ ಕ್ರಿಸ್‌ಕ್ರಾಸ್ ಅನ್ನುತ್ತಾರೆ.

ಎಷ್ಟೋ ಸಲ ಇದನ್ನು ಕನ್ನಡದಲ್ಲಿ ‘ಅಡ್ಡಾದಿಡ್ಡಿ’ ಅಂದುಬಿಡುತ್ತೇವೆ. ನನಗೆ ಅದು ಸರಿ ಕಾಣುವುದಿಲ್ಲ. ಅಡ್ಡಾದಿಡ್ಡಿ ಗಾಡಿ ಓಡಿಸಿದ ಅಂದರೆ ಲಂಗುಲಗಾಮಿಲ್ಲದೆ ಓಡಿಸಿದ ಅಂತ ಅರ್ಥ. ಕ್ರಿಸ್‌ಕ್ರಾಸ್ ಶಂಕರಪೋಳಿಯಷ್ಟು ಅಚ್ಚುಕಟ್ಟಾಗಿಯೂ ಇರಬಹುದು. ಗೆರೆಗಳು ಒಂದನ್ನೊಂದು ದಾಟಬೇಕು, ಅಷ್ಟೇ. ಜಿಗ್‌ಜ್ಯಾಗ್ ಕೂಡ ಬೇರೆಯೇ. ಅದು ಒಂದೇ ಗೆರೆ ಅಂಕುಡೊಂಕಾಗಿ ಹೋಗುವುದು.

ಧಾರವಾಡದ ಕಡೆ ಕಸೂತಿ ಹಾಕುವವರಿಗೆ ಈ ವ್ಯತ್ಯಾಸ ಬೆರಳಿಗೇ ಗೊತ್ತು. ಮುರಗಿ ಹೊಲಿಗೆ ಮೆಟ್ಟಿಲು ಹತ್ತಿದ ಹಾಗೆ ಅಂಕುಡೊಂಕು ಸಾಗುತ್ತದೆ. ಅದು ಜಿಗ್‌ಜ್ಯಾಗ್. ಮೆಂತೆ ಹೊಲಿಗೆಯಲ್ಲಿ ಒಂದು ಓರೆ ಎಳೆಯ ಮೇಲೆ ಇನ್ನೊಂದು ಓರೆ ಎಳೆ ಬೀಳುತ್ತದೆ. ಬಟ್ಟೆಯ ಮೇಲೆ ಮೆಂತ್ಯದ ಕಾಳು ಜೋಡಿಸಿಟ್ಟ ಹಾಗೆ ಕಾಣುತ್ತದೆ. ಅದು ಕ್ರಿಸ್‌ಕ್ರಾಸ್.

ಈ ಪದ ಹುಟ್ಟಿದ ಕತೆ ಇನ್ನೂ ಚೆನ್ನಾಗಿದೆ. ಕೇಳಿದರೆ ಪಟಪಟ, ಗಿರಗಿರ ಅನ್ನುವಂತೆ ಸುಮ್ನೆ ಜೋಡಿಸಿದ ಸದ್ದು ಅನ್ನಿಸುತ್ತದೆ. ಆದರೆ ಇದರ ‘ಕ್ರಿಸ್’ ಮತ್ತು ಕ್ರಿಸ್‌ಮಸ್‌ನ ‘ಕ್ರಿಸ್’ ಎರಡೂ ಒಂದೇ. ಹಿಂದೆ ಇಂಗ್ಲೆಂಡಿನ ಮಕ್ಕಳು ಅಕ್ಷರ ಕಲಿಯುತ್ತಿದ್ದುದು ಹಿಡಿಕೆ ಇರುವ ಪುಟ್ಟ ಮರದ ಹಲಗೆಯಿಂದ. ಹಲಗೆಗೆ ಅಕ್ಷರದ ಹಾಳೆ ಅಂಟಿಸಿ, ಅದರ ಮೇಲೆ ಬೆಳಕು ತೂರುವಷ್ಟು ತೆಳುವಾದ ಕೊಂಬಿನ ಪದರ ಹೊದಿಸುತ್ತಿದ್ದರು. ‘ಎ’ ಅಕ್ಷರಕ್ಕೂ ಮೊದಲು ಅಲ್ಲೊಂದು ಶಿಲುಬೆಯ ಗುರುತು ಇರುತ್ತಿತ್ತು. ನಾವು ಹಾಳೆಯ ನೆತ್ತಿಯ ಮೇಲೆ ‘ಶ್ರೀ’ ಬರೆಯುವ ಹಾಗೆ. ಅದನ್ನು ಕ್ರೈಸ್ಟ್ಸ್ ಕ್ರಾಸ್, ಅಂದರೆ ಕ್ರಿಸ್ತನ ಶಿಲುಬೆ ಅನ್ನುತ್ತಿದ್ದರು. ಬಾಯಲ್ಲಿ ಸವೆದು ಅದು ಕ್ರಿಸ್‌ಕ್ರಾಸ್ ಆಯಿತು. ಬರಬರುತ್ತಾ ಕ್ರಿಸ್ತನ ನೆನಪು ಮರೆಯಾಗಿ, ದಾಟುವ ಗೆರೆಗಳಷ್ಟೇ ಉಳಿದವು.

ಇದು ಕ್ರಿಯಾಪದವೂ ಹೌದು. ರೈಲು ಹಳಿಗಳು ಊರನ್ನು ಕ್ರಿಸ್‌ಕ್ರಾಸ್ ಮಾಡಿವೆ ಅಂದರೆ ಊರ ತುಂಬ ಹಳಿಗಳು ಹೆಣೆದುಕೊಂಡಿವೆ ಅಂತ. ಒಬ್ಬರು ದೇಶವನ್ನೇ ಕ್ರಿಸ್‌ಕ್ರಾಸ್ ಮಾಡಿದರು ಅಂದಾಗ ಮಾತ್ರ ಗೆರೆಗಳನ್ನು ಬಿಟ್ಟುಬಿಡಿ. ‘ದೇಶದ ಉದ್ದಗಲಕ್ಕೂ ಓಡಾಡಿದರು’ ಅನ್ನಿ. ಉದ್ದ ಒಂದು ಕಡೆಗೆ, ಅಗಲ ಇನ್ನೊಂದು ಕಡೆಗೆ. ದಾಟುವ ಎರಡು ಗೆರೆಗಳೂ ಆ ಮಾತಿನೊಳಗೇ ಇವೆ.